ಈರಪ್ಪ ಅಂಕಲ್ ಇಳಿಸಿದ ಪರದೆ

ಸಂಜೆ ಆರು ಗಂಟೆ ಐವತ್ತೆರಡು ನಿಮಿಷ. ರಂಗದ ಪಕ್ಕದ ಗೋಡೆಯ ಗಡಿಯಾರವನ್ನು ಆಗಷ್ಟೇ ನೋಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಪರದೆಯ ಅಂಚಿಗೆ ಬೆಂಕಿ ಹತ್ತಿತು. ಸುತ್ತಲಿದ್ದ ನಾವೆಲ್ಲ ಬೆಂಕಿಯನ್ನೇ ನೋಡುತ್ತ ನಿಂತೆವು. ಹಗ್ಗ ಹಿಡಿದಿದ್ದ ಈರಪ್ಪ ಅಂಕಲ್ ಒಬ್ಬರೇ ತಲೆ ಎತ್ತಿ ಮೇಲೆ ನೋಡಿದರು.

ಮೇಲೆ ನೋಡುವುದು ಅವರ ಹಳೆಯ ಅಭ್ಯಾಸ. ವೆಲ್ಲಿಂಗ್ಟನ್ ಪಕ್ಕದ ಊರು ಲೋವರ್ ಹಟ್‌ನ ಅವರ ಬೀದಿಯ ಮೂಲೆಯಲ್ಲಿ ಹಾಲು, ಬ್ರೆಡ್ಡು ಮಾರುವ ಡೈರಿ ಇದೆ. ಅಲ್ಲಿಗೆ ಹೋದರೂ ಬಾಗಿಲಲ್ಲೇ ನಿಂತು ಮೊದಲು ಸೂರು ನೋಡಿ, ಆಮೇಲೆ ಕಾಲಿಡುತ್ತಿದ್ದರು. ಕ್ಯಾಮರಾ ಎಲ್ಲಿದೆ ಎಂದು ಹುಡುಕುತ್ತಿದ್ದಾರೆಂದು ಭಾವಿಸಿದ ಅಂಗಡಿಯವನು ಮೂರು ದಿನ ಅವರ ಹಿಂದೆಯೇ ಓಡಾಡಿದನಂತೆ. ನನ್ನ ಪುಟ್ಟ ಬಾಡಿಗೆ ಮನೆಗೆ ಮೊದಲ ಸಲ ಬಂದಾಗಲೂ ಅಷ್ಟೇ. ಚಾವಣಿಯ ನಾಲ್ಕೂ ಮೂಲೆ ನೋಡಿ, "ಏನೂ ತೂಗ ಬಿದ್ದಿಲ್ಲ. ಕುಂದ್ರಬಹುದು" ಎಂದು ಕುರ್ಚಿ ಎಳೆದುಕೊಂಡರು.

"ಯಾಕೆ ಅಂಕಲ್ ಹಾಗೆ ನೋಡ್ತೀರಿ?"

"ನಾವು ಪರದಿ ಎಳಿಯೋ ಮಂದಿ ಯವ್ವಾ. ನಮಗ ಸಾವು ಬಂದ್ರ ಮ್ಯಾಲಿಂದನ ಬರ್ತೈತಿ."

ಅವರ ಅಜ್ಜ, ಅಪ್ಪ, ಅವರು, ಮೂರು ತಲೆಮಾರೂ ನಾಟಕ ಕಂಪನಿಗಳಲ್ಲಿ ಪರದೆ ಎಳೆದವರು. ಕಂಪನಿ ಮುಚ್ಚಿದ ಮೇಲೆ ಈರಪ್ಪ ಅಂಕಲ್ ಗದಗಿನಲ್ಲಿ ಅಂಗಡಿಗಳ ಬೋರ್ಡು ಬರೆದು ಮಗ ಮಹಾಂತೇಶನನ್ನು ಎಂಜಿನಿಯರ್ ಓದಿಸಿದರು. ಆ ಮಗನ ಮನೆಗೆ ಕೆಲವು ತಿಂಗಳಿಗೆಂದು ಬಂದಿದ್ದರು. ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಕೆಲಸಕ್ಕೆ. ಮೊಮ್ಮಗಳು ಅನ್ವಿ ಶಾಲೆಗೆ. ಸಂಜೆಯವರೆಗೆ ಅವರೂ ಫ್ರಿಜ್ಜಿನ ಸದ್ದೂ. "ಈ ಊರಾಗ ಬಾಗಲಾ ಭಾಳ ಅದಾವು. ಬಾಗಲದಾಗ ಕುಂತವರು ಒಬ್ಬರೂ ಇಲ್ಲ" ಎನ್ನುತ್ತಿದ್ದರು.

ನಾನು ಅವರನ್ನು ಕಂಡದ್ದು ನಮ್ಮ ಕನ್ನಡ ಬಳಗದ ಒಂದು ಊಟದಲ್ಲಿ. ಕೋಟುಗಳನ್ನು ನೇತುಹಾಕುವ ಮೂಲೆಯಲ್ಲಿ ಒಬ್ಬರೇ ಕುಳಿತಿದ್ದರು. ನಾನೂ ಅಂಥ ಕೂಟಗಳಲ್ಲಿ ಅಂಥ ಮೂಲೆಯನ್ನೇ ಹುಡುಕುವವಳು. ಓದಲೆಂದು ಬಂದು, ಇಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು.

"ಯಾವೂರವ್ವಾ?"

"ಮೈಸೂರು, ಅಂಕಲ್."

"ಹೆಸರು?"

"ಸ್ಟೆಲ್ಲಾ."

ಹೆಸರನ್ನು ಬಾಯಲ್ಲಿ ಒಮ್ಮೆ ತಿರುಗಿಸಿ ನೋಡಿದವರಂತೆ, "ಸ್ಟೆಲ್ಲವ್ವಾ, ಒಂದ್ ಲೋಟ ನೀರು ಕೊಡು" ಎಂದರು. ಎಂಟು ವರ್ಷಗಳಲ್ಲಿ ನನ್ನ ಹೆಸರಿಗೆ ಯಾರೂ ಏನನ್ನೂ ಸೇರಿಸಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಅವರಲ್ಲಿಗೆ ಹೋಗುವುದು ರೂಢಿಯಾಯಿತು. ಅಜ್ಜನ ಕಾಲದ ನಾಟಕದ ಸಂಜೆಗಳನ್ನು ಅವರು ತಾವೇ ನೋಡಿದಂತೆ ವರ್ಣಿಸುತ್ತಿದ್ದರು. ಎರಡನೇ ಗಂಟೆ ಹೊಡೆದ ಮೇಲೆ ಪರದೆಯ ಹಿಂದೆ ಕರ್ಪೂರ ಬೆಳಗುವುದು, ತೆಂಗಿನಕಾಯಿ ಒಡೆಯುವುದು, ಧೂಪ ಹಾಕುವುದು. ಪರದೆಯ ಕೆಳಗಿನಿಂದ ಹೊಗೆ ಸಭೆಯತ್ತ ಹರಿದಾಗ ಜನ ಕೂತಲ್ಲೇ ಕೈಮುಗಿಯುವುದು. ಮೂರನೇ ಗಂಟೆಗೆ ನಾಂದಿಯ ಹಾಡು.

ಒಂದು ಕಥೆಯನ್ನಂತೂ ಹಲವು ಸಲ ಹೇಳಿದ್ದರು. ಹುಬ್ಬಳ್ಳಿಯ ಥಿಯೇಟರೊಂದರಲ್ಲಿ ಗ್ಯಾಸ್‌ಬತ್ತಿ ಉರುಳಿ ರಾಜಬೀದಿಯ ಚಿತ್ರ ಬರೆದ ಪರದೆಗೆ ಬೆಂಕಿ ಹತ್ತಿತಂತೆ.

"ಎಲ್ಲಾರೂ ಮ್ಯಾಲೆ ಎಳಿ, ಮ್ಯಾಲೆ ಎಳಿ ಅಂತ ಒದರಾಕತ್ತಿದ್ರು. ನಮ್ಮಜ್ಜ ಕೇಳಲಿಲ್ಲ. ಬೆಂಕಿಗೆ ಏರೂದೊಂದ ಗೊತ್ತು. ಪರದೀನೂ ಅದರ ಜೋಡಿ ಏರಿಸಿದ್ರ ಮಾಳಿಗಿ ಹೋತು. ಸಾವಕಾಶ ಕೆಳಗಿಳಿಸಿ, ಮ್ಯಾಲೆ ಹಸಿ ಜಮಖಾನಿ ಒಗದ. ಅದರ ಮ್ಯಾಲೆ ಸೈನಿಕರು ಮಲಕೊಂಡ್ರು."

"ಸೈನಿಕರಾ?"

"ಮುಂದಿನ ಸೀನಿನವ್ರವ್ವಾ. ಯುದ್ಧಕ್ಕ ಹೊಂಟಿದ್ರು, ಬೆಂಕಿ ಮ್ಯಾಲೆ ಮಲಗಿದ್ರು."

"ನಾಟಕ ನಿಂತುಹೋಯ್ತಾ?"

"ಯಾಕ ನಿಲ್ತೈತಿ? ರಾಜಾ ಬಂದು ಖಾಲಿ ಗ್ವಾಡಿ ಮುಂದ ನಿಂತು, ಈ ರಾಜಬೀದಿಯ ಸೊಬಗೇನು ಅಂದ. ಮಂದಿ ಹೌದಂದ್ರು."

ಇದನ್ನೆಲ್ಲ ನಾನು ಬಳಗದವರ ಮುಂದೆ ಹೇಳಿದ್ದೇ ಒಂದು ಯೋಜನೆಯಾಯಿತು. ವೆಲ್ಲಿಂಗ್ಟನ್ನಿನಲ್ಲಿ ನೂರು ವರ್ಷ ದಾಟಿದ ಒಂದು ಚಿಕ್ಕ ಥಿಯೇಟರನ್ನು ಬಾಡಿಗೆಗೆ ಹಿಡಿದು, ಆ ಕಾಲದ ಒಂದು ಸಂಜೆಯನ್ನು ಇದ್ದ ಹಾಗೇ ಮರಳಿ ತರುವುದು. ಮೂರು ಸಲ ಗಂಟೆ ಹೊಡೆಯುವುದು, ನಾಂದಿ, ಬರೆದ ಪರದೆ, ಎಲ್ಲ. ಈರಪ್ಪ ಅಂಕಲ್ ಮಗನ ಕಾರನ್ನು ಗ್ಯಾರೇಜಿನಿಂದ ಹೊರಹಾಕಿಸಿ, ಮೂರು ತಿಂಗಳು ನೆಲದ ಮೇಲೆ ಕೂತು ರಾಜಬೀದಿಯ ಪರದೆ ಬರೆದರು. "ಮಾವಾರ, ಮಳಿಯಾಗ ನಿಂತು ನಿಂತು ನಮ್ಮ ಕಾರಿಗೆ ನೆಗಡಿ ಬಂದೈತಿ ನೋಡ್ರಿ" ಎಂದು ಸೊಸೆ ಸುನಂದಾ ರೇಗಿಸಿದರೆ, "ಅದಕ್ಕೊಂದು ಸ್ವೆಟರ್ ಬರದು ಕೊಡ್ತೀನಿ ತಡಿ" ಎನ್ನುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ಆ ಮನೆ ಅದಕ್ಕೆ ಮೊದಲು ಕೇಳಿರಲಿಲ್ಲ.

ನನಗೆ ಪ್ರಾಂಪ್ಟರ್ ಕೆಲಸ. ಪಕ್ಕದಲ್ಲಿ ನಿಂತು, ನಟರು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವುದು. "ಪ್ರಾಂಪ್ಟರ್ ಯಾರಿಗೂ ಕಾಣಬಾರದು. ಆದ್ರ ಟೈಮಿಗೆ ಸರಿಯಾಗಿ ಮಾತು ಬರಬೇಕು. ತಡಾ ಆದ್ರ ರಾಜಾನೂ ಬೆಪ್ಪ ಆಗ್ತಾನ" ಎಂದು ಕಲಿಸಿದ್ದರು.

ಕರ್ಪೂರಕ್ಕೆ ಮಾತ್ರ ಥಿಯೇಟರಿನವರು ಒಪ್ಪಲಿಲ್ಲ. ರಂಗದ ಮೇಲೆ ಬೆಂಕಿ ಕೂಡದು, ಧೂಪ ಬೇಕಿದ್ದರೆ ಹೊಗೆಯಂತ್ರ ಕೊಡುತ್ತೇವೆ ಎಂದರು. ಆ ಹೊಗೆಗೆ ಅಲಾರಂ ಕೂಗಬಾರದೆಂದು ರಂಗದ ಮೇಲಿನ ಹೊಗೆ ಪತ್ತೆಯ ಸಾಧನಗಳನ್ನು ಆ ಹೊತ್ತಿಗೆ ನಿಲ್ಲಿಸುವ ಏರ್ಪಾಡಾಯಿತು. ದೀಪಕ್ಕೆ ಒಂದು ಬ್ಯಾಟರಿ ಹಣತೆ ತಂದರು. ಈರಪ್ಪ ಅಂಕಲ್ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇದಕ್ಕ ಕೈ ಮುಗದ್ರ ದೇವರು ಚಾರ್ಜರ್ ಕೇಳ್ತಾನ" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಆ ಮುಖವನ್ನು ನಾನು ನೋಡಬಾರದಿತ್ತು.

ನಾಟಕದ ದಿನ ಸ್ವೆಟರಿನ ಜೇಬಿನಲ್ಲಿ ಒಂದು ಕರ್ಪೂರದ ಡಬ್ಬಿ, ಒಂದು ಬೆಂಕಿಪೊಟ್ಟಣ ಇಟ್ಟುಕೊಂಡು ಹೋದೆ. ಎರಡನೇ ಗಂಟೆ ಹೊಡೆದಾದ ಮೇಲೆ ಒಂದೇ ಒಂದು ಬಿಲ್ಲೆ, ಅರ್ಧ ನಿಮಿಷ, ಅವರಿಗಾಗಿ ಮಾತ್ರ. ನಮ್ಮ ಮನೆಯಲ್ಲಿ ಯೇಸುವಿನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬೆಳೆದವಳು ನಾನು. ಮೇಣದಬತ್ತಿ ಇಟ್ಟಲ್ಲೇ ಉರಿಯುತ್ತದೆ, ಊದಿದರೆ ಆರುತ್ತದೆ. ಕರ್ಪೂರದ ಗುಣ ನನಗೆ ಗೊತ್ತಿರಲಿಲ್ಲ. ಸ್ಟೀಲ್ ತಟ್ಟೆಯ ಮೇಲೆ ಹಚ್ಚಿ ಅವರತ್ತ ಹಿಡಿದೆ. ಅವರು ತಿರುಗಿ ನೋಡಿದರು. ಆ ಒಂದು ಗಳಿಗೆ ಅವರ ಕಣ್ಣಲ್ಲಿ ಕಂಡದ್ದು ಬೆರಗೋ, ಬೇಡವೆಂಬ ಆತಂಕವೋ, ಇವತ್ತಿಗೂ ತಿಳಿದಿಲ್ಲ. ಹಿಂದಿನಿಂದ ರಾಜನ ವೇಷದ ಗೆಳೆಯ, ನನ್ನ ಕೈಯಲ್ಲಿದ್ದುದನ್ನು ನೋಡದೆಯೇ, ನನ್ನನ್ನು ಒರಸಿಕೊಂಡು ಹೋದ. ತಟ್ಟೆ ವಾಲಿತು. ಉರಿಯುತ್ತಿದ್ದ ಬಿಲ್ಲೆ ಜಾರಿ ಪರದೆಯ ಬುಡಕ್ಕೆ ಬಿತ್ತು. ಉಳಿದ ಬಟ್ಟೆಗೆಲ್ಲ ಬೆಂಕಿ ತಡೆಯುವ ದ್ರಾವಣ ಸಿಂಪಡಿಸಿದ್ದೆವು. ಅವರು ಕೊನೆಯ ದಿನ ಚೆಂದಕ್ಕೆಂದು ಹೊಲಿದ ಅಂಚಿಗೆ ಮಾತ್ರ ಇಲ್ಲ.

"ಮೇಲೆ ಎಳೀರಿ ಅಂಕಲ್, ಮೇಲೆ" ಎಂದು ರಾಜ ಕೂಗಿದ. ಅವರು ಕೇಳಲಿಲ್ಲ. ಹಗ್ಗವನ್ನು ಅಂಗೈಯೊಳಗೆ ಜಾರಿಸುತ್ತ, ಉರಿ ಮೇಲಿನ ಮರಕ್ಕೆ ಮುಟ್ಟುವ ಮೊದಲೇ ಪರದೆಯನ್ನು ನೆಲಕ್ಕೆ ಇಳಿಸಿದರು. ಕಾಲ ಬಳಿಯ ಬಕೆಟ್ಟಿನಲ್ಲಿ ಅಜ್ಜನ ಪದ್ಧತಿಯಂತೆ ಅವರೇ ನೆನೆಹಾಕಿದ್ದ ಕಂಬಳಿ ಇತ್ತು. ಅದನ್ನು ಹಾಸಿ ಬರಿಗೈಯಲ್ಲಿ ಒತ್ತಿದರು. ಹೊಗೆ ಎದ್ದಿತು.

ನಮ್ಮ ಮುಂದೆ ಥಿಯೇಟರಿನ ದಪ್ಪ ಮುಂಪರದೆ ಮುಚ್ಚಿತ್ತು. ಪ್ರಕಟಣೆ ಹೇಳಲೆಂದು ನನಗೆ ಕೊಟ್ಟಿದ್ದ ಮೈಕ್ ಎತ್ತಿಕೊಂಡು, ಅಂಚು ಸರಿಸಿ ಸಭೆಯತ್ತ ನೋಡಿದೆ. ಮುಂದೆ ತಿಂಗಳುಗಟ್ಟಲೆ ನನ್ನನ್ನು ರಾತ್ರಿ ಎಬ್ಬಿಸಿದ್ದು ಆ ನೋಟ. ಪರದೆಯ ಕೆಳಗಿನಿಂದ ಹೊಗೆ ಮುಂದಿನ ಸಾಲುಗಳಿಗೆ ಹರಿಯುತ್ತಿತ್ತು. ಇನ್ನೂರು ಜನ ಕದಲದೆ ಕೂತಿದ್ದರು. ಧೂಪ ಬರುತ್ತದೆಂದು ನಾವೇ ಕರಪತ್ರದಲ್ಲಿ ಬರೆದಿದ್ದೆವು. ಹಿರಿಯರು ಕೈಮುಗಿದಿದ್ದರು. ಒಬ್ಬರು ಕಣ್ಣು ಮುಚ್ಚಿ ಆ ಹೊಗೆಯನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದರು. ಅನ್ವಿ ಅಮ್ಮನನ್ನು ನೋಡಿ ತಾನೂ ಕೈಜೋಡಿಸಿದ್ದಳು.

"ಸ್ಟೆಲ್ಲವ್ವಾ, ಮೈಕ್ ನಿನ್ನ ಕೈಯಾಗೈತಿ. ಮಂದಿಗೆ ಹೊರಗ ಹೋಗ್ರಿ ಅನ್ನು" ಎಂದರು ಈರಪ್ಪ ಅಂಕಲ್ ಹಿಂದಿನಿಂದ.

ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಅವರೇ ಎದ್ದು, ಸುಟ್ಟ ಕೈಗಳಿಂದ ಮುಂಪರದೆ ಸರಿಸಿಕೊಂಡು ಹೊರಗೆ ನಿಂತರು. ರಂಗದಲ್ಲಿ ಯಾವತ್ತೂ ಪರದೆಯ ಹಿಂದೆಯೇ ಇದ್ದವರು ಮೊದಲ ಸಲ ಮುಂದೆ ಬಂದದ್ದು ಅಂದು. "ರಸಿಕ ಮಹಾಜನರಲ್ಲಿ ವಿನಂತಿ. ಇದು ಧೂಪ ಅಲ್ಲರಿ, ಖರೇನ ಬೆಂಕಿ. ಗಾಬರಿ ಬ್ಯಾಡ, ಕೆಳಗ ಇಳಿಸೇವಿ. ಬಾಗಲಾ ಹಂತ್ಯಾಕ ಇರೋ ಹಿಂದಿನ ಸಾಲಿನವರು ಮೊದಲ ಏಳ್ರಿ. ಕೂಸುಗಳನ್ನ ಎತ್ಕೋರಿ. ಟಿಕೀಟು ಕಳಕೋಬ್ಯಾಡ್ರಿ, ನಾಟಕ ಇನ್ನೂ ಐತಿ."

ಕೆಲವರು ನಕ್ಕರು. ಆ ನಗುವೇ ನೂಕುನುಗ್ಗಲನ್ನು ತಪ್ಪಿಸಿತೆಂದು ನನಗೆ ಈಗ ಅನಿಸುತ್ತದೆ. ಸಾಲುಸಾಲಾಗಿ ಎದ್ದು ಹೋದರು. ಒಂದೂ ಕನ್ನಡ ಪದ ತಿಳಿಯದ ಬೆಳಕಿನ ಕೋಣೆಯ ಹುಡುಗ, ಇಲ್ಲಿನವನೇ ಆದ ಕೀವಿ, ಜನ ಏಳುವುದನ್ನು ಕಂಡು ಓಡಿಬಂದು ಅಲಾರಂ ಒತ್ತಿದ.

ಹೊರಗೆ ಧ್ರುವದ ಕಡೆಯಿಂದ ಬೀಸುವ ದಕ್ಷಿಣದ ಚಳಿಗಾಳಿ. ರೇಷ್ಮೆ ಸೀರೆಯ ಹೆಂಗಸರು ಫುಟ್‌ಪಾತಿನಲ್ಲಿ ಗಂಡಂದಿರ ಕೋಟು ಹೊದ್ದು ನಿಂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ಈರಪ್ಪ ಅಂಕಲ್ ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು. ಬೆಂಕಿ ಹಚ್ಚಿದ್ದು ಯಾರು ಎಂದು ಥಿಯೇಟರಿನವರು ಕೇಳಿದ್ದನ್ನು ಮಹಾಂತೇಶ ಕನ್ನಡಕ್ಕೆ ತಂದ.

"ನಾನ" ಎಂದರು.

"ಎಷ್ಟ ಸಲ ಹೇಳಿದ್ದೆ ಅಪ್ಪಾ, ಬ್ಯಾಡಂತ. ಎಷ್ಟ ಸಲ ಹೇಳಿದ್ದೆ." ಮಹಾಂತೇಶ ಥಿಯೇಟರಿನವರತ್ತ ತಿರುಗಿದ.

ಅವನು ಅತ್ತ ಹೋದಾಗ ನಾನು ಬಾಯಿ ತೆರೆದೆ. ಅವರು ಬೇಡವೆಂದು ತಲೆಯಾಡಿಸಿದರು. "ನಿಂದು ಇಲ್ಲೇ ಕಾಯಂ ಇರೂ ರೆಸಿಡೆನ್ಸಿ ಕಾಗದ ಇನ್ನೂ ಬಂದಿಲ್ಲ. ಪೊಲೀಸು ಗಿಲೀಸು ಅಂದ್ರ ನಿನಗ ತ್ರಾಸ. ನಾ ಮುಂದಿನ ತಿಂಗಳ ಹೋಗಾಂವ. ಸುಮ್ನಿರು." ಸುಮ್ಮನಿರುವುದು ನನಗೆ ಆಗ ಬಹಳ ಸುಲಭವಾಗಿ ಬಂತು. ಬೆಂಕಿಪೊಟ್ಟಣ ಜೇಬಿನಲ್ಲೇ ಇತ್ತು.

ಪೊಲೀಸರು ಬರಲಿಲ್ಲ. ಬಂದದ್ದು ವಾಟ್ಸಾಪ್ ಸಂದೇಶಗಳು. ವಯಸ್ಸಾದವರಿಗೆ ಜವಾಬ್ದಾರಿ ಕೊಡಬಾರದಿತ್ತು, ಹಳ್ಳಿಯ ಬುದ್ಧಿ ಎಲ್ಲಿಗೆ ಹೋದರೂ ಬಿಡದು ಎಂದೆಲ್ಲ. ಇನ್ನೂರು ಜನರನ್ನು ಹೊರಗೆ ಕಳಿಸಿದ್ದನ್ನು ಯಾರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಕಾರು ಗ್ಯಾರೇಜಿಗೆ ಮರಳಿತು. ಬಣ್ಣದ ಡಬ್ಬಿಗಳು ಕಸದ ತೊಟ್ಟಿಯ ಪಕ್ಕ ಮಳೆಯಲ್ಲಿ ನಿಂತವು. ಮಹಾಂತೇಶ ತಂದೆಯೊಂದಿಗೆ ಮಾತ್ರೆ, ಊಟದ ಮಾತು ಬಿಟ್ಟರೆ ಬೇರೆ ಆಡುತ್ತಿರಲಿಲ್ಲವಂತೆ.

ಅವರು ಹೊರಡುವ ಹಿಂದಿನ ಶನಿವಾರ ಹೋದೆ. ಅಂಗೈಗಳು ಎಳೆಯ ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಚಾಕು ಹಿಡಿಯಲು ಆಗುತ್ತಿರಲಿಲ್ಲ. ನೆಲ್ಸನ್ ಊರಿನ ಸೇಬು ಹೆಚ್ಚಿ ಕೊಟ್ಟೆ. ಒಂದೊಂದೇ ಹೋಳು ತಿನ್ನುತ್ತ ಮೇಲೆ ನೋಡಿದರು.

"ಅಂಕಲ್, ಮಹಾಂತೇಶ್‌ಗೆ ಹೇಳಿಬಿಡ್ತೀನಿ."

ಕೈಯಲ್ಲಿದ್ದ ಹೋಳನ್ನು ತಟ್ಟೆಗೆ ಮರಳಿ ಇಟ್ಟರು. "ನಿನ್ನ ಮಾತು, ನಿನ್ನ ಟೈಮು. ನಾ ಪರದಿ ಎಳಿಯಾಂವ ಯವ್ವಾ. ಪ್ರಾಂಪ್ಟ್ ಮಾಡೂದು ನನ್ನ ಕೆಲಸಲ್ಲ."

ಅದೇ ಕೊನೆಯ ಭೇಟಿ. ಇನ್ನು ವಿಮಾನ ಹತ್ತಬೇಡಿ ಎಂದು ಗದಗಿನ ಡಾಕ್ಟರು ಹೇಳಿದ್ದಾರೆ.

ಎರಡು ತಿಂಗಳಿಗೆ ರೆಸಿಡೆನ್ಸಿ ಬಂತು. ನೆಪ ತೀರಿತು. ಆದರೂ ಹೇಳಲಿಲ್ಲ. ಪ್ರತಿ ರಾತ್ರಿ ಕರ್ಪೂರದ ವಾಸನೆಗೆ ಎಚ್ಚರವಾಗುತ್ತಿತ್ತು. ಎದ್ದು ಒಲೆ, ಸ್ವಿಚ್ಚು, ಹೀಟರು ಮುಟ್ಟಿ ನೋಡಿ ಮತ್ತೆ ಮಲಗಿದರೆ, ಕೈಮುಗಿದು ಕೂತ ಆ ಸಭೆ. ಯಾರೂ ಏಳುತ್ತಿರಲಿಲ್ಲ. ಮೈಕ್ ನನ್ನ ಕೈಯಲ್ಲಿ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಮಹಾಂತೇಶನ ಬಾಗಿಲು ತಟ್ಟಿದೆ. ಒಳಗೆ ಕೂರುವ ಮೊದಲೇ, ಚಪ್ಪಲಿ ಬಿಡುತ್ತ ಬಿಡುತ್ತ ಹೇಳಿದೆ. "ಕರ್ಪೂರ ಹಚ್ಚಿದ್ದು ನಾನು. ನಿಮ್ಮಪ್ಪ ಅಲ್ಲ."

ಅವನು ಗೋಡೆಗೆ ಒರಗಿದ. ಮೆಟ್ಟಿಲ ಮೇಲಿದ್ದ ಅನ್ವಿ, "ಸೋ ಅಜ್ಜ ಡಿಡಂಟ್ ಡು ಇಟ್?" ಎಂದಳು. ಅವನು ಫೋನ್ ತೆಗೆದು ಗದಗಿಗೆ ಹಚ್ಚಿ, ಸ್ಪೀಕರಿಗೆ ಹಾಕಿದ.

"ಅಪ್ಪಾ, ಸ್ಟೆಲ್ಲಾ ಬಂದಾಳ. ಹೇಳಿದ್ಲು."

ಅಲ್ಲಿ ಯಾವುದೋ ಸೈಕಲ್ಲಿನ ಗಂಟೆ, ಕಾಗೆ. ಆಮೇಲೆ ಅವರ ದನಿ. "ಏನ್ ಪ್ರಾಂಪ್ಟರವ್ವ ನೀ. ನಾಟಕ ಮುಗದು ಮಂದಿ ಮನಿ ಸೇರಿದ ಮ್ಯಾಲೆ ಮಾತು ಕೊಡ್ತೀಯಲ್ಲ." ಹಿಂದೆಯೇ ಮಗನಿಗೆ, "ಮಾಂತೂ, ಆಕಿಗೆ ಚಾ ಮಾಡಿ ಕೊಡೊ. ನಿಂತಾಳೇನ ಇನ್ನೂ?"

"ಅಪ್ಪಾ..." ಎಂದ ಮಹಾಂತೇಶ ಸ್ಪೀಕರ್ ಆರಿಸಿದ. ಫೋನನ್ನು ಕಿವಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದ. ಚಹಾ ಆಗಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದು ಬಳಗದವರಿಗೂ ಥಿಯೇಟರಿನವರಿಗೂ ನಡೆದದ್ದನ್ನು ಬರೆದು ಕಳಿಸಿದೆ. ಏನು ಉತ್ತರ ಬರುತ್ತದೋ ಗೊತ್ತಿರಲಿಲ್ಲ. ಮಲಗಿದೆ.

ಎಚ್ಚರವಾದಾಗ ಭಾನುವಾರದ ಬಿಸಿಲು ಹೊದಿಕೆಯ ಮೇಲಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ಅವರಿಗೆ ಹೇಳಬೇಕೆನಿಸಿತು, ಗದಗಿನಲ್ಲಿ ಅದಿನ್ನೂ ನಡುರಾತ್ರಿ. ಹಾಗೇ ಮಲಗಿ ಚಾವಣಿಯ ನಾಲ್ಕೂ ಮೂಲೆ ನೋಡಿದೆ. ಏನೂ ತೂಗುಬಿದ್ದಿರಲಿಲ್ಲ.