ಬೆರಳು ಕಾಣದ ಸಾಲು

ಬೆಳಗಿನ ಜಾವ. ಬಾಲ್ಟಿಮೋರ್‌ನ ಹಳೆಯ ಇಟ್ಟಿಗೆ ಕಟ್ಟಡದ ಮಹಡಿಯಲ್ಲಿ ಆರ್ಡೆಲ್ ಪಿಂಕ್ನಿ ಕಾಫಿ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಾರೆ. ಕುಡಿಯಲಿಕ್ಕಲ್ಲ, ಬೆರಳು ಬೆಚ್ಚಗಾಗಲಿಕ್ಕೆ. ಚಳಿಗೆ ಮರಗಟ್ಟಿದ ಬೆರಳಿಗೆ ಬ್ರೈಲ್ ಚುಕ್ಕಿ ಸಿಗುವುದಿಲ್ಲ.

ಹುಟ್ಟಿನಿಂದ ಕಣ್ಣು ಕಾಣದ ಆರ್ಡೆಲ್ ಈ ಪುಟ್ಟ ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಅವರು ಹಾಳೆಯ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತ ಸ್ಟ್ಯಾಶ್ ವೊಜ್ನಿಯಾಕ್ ಅಚ್ಚಿನ ಪುಸ್ತಕ ಹಿಡಿದು ಕಣ್ಣಲ್ಲೇ ಹಿಂಬಾಲಿಸಬೇಕು. ವಿರಾಮ ಚಿಹ್ನೆಗಳನ್ನೂ ಬಿಡುವಂತಿಲ್ಲ. ಕಥೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ಅಲುಗುವ ಹೊತ್ತಿಗೂ ಆರ್ಡೆಲ್ ನಡುವೆ ‘ಅಲ್ಪವಿರಾಮ’ ಎನ್ನುತ್ತಿದ್ದರು. "ನಿಮ್ಮ ಅಲ್ಪವಿರಾಮ ಬಂದ್ರೆ ದೆವ್ವಾನೂ ನಿಂತು ಕಾಯ್ತದೆ, ಮಿಸ್ ಆರ್ಡೆಲ್" ಎಂದು ಸ್ಟ್ಯಾಶ್ ಕಿಚಾಯಿಸುತ್ತಿದ್ದರು.

ಕತ್ತಲ ಕಥೆಗಳನ್ನು ಬರೆದು ಇದೇ ಊರಿನ ಮಣ್ಣು ಸೇರಿದ ಲೇಖಕನ ಸಮಗ್ರ ಬರಹ ಇಲ್ಲಿ ಬ್ರೈಲ್‌ಗೆ ಇಳಿಯುತ್ತಿದೆ. ಆರ್ಡೆಲ್ ಓದಿದ ಅಂಧರ ವಸತಿ ಶಾಲೆಯಲ್ಲಿ ಆತನದು ಒಂದೇ ಒಂದು ಸಂಪುಟವಿತ್ತು. ಹುಡುಗಿಯರೆಲ್ಲ ಮುಟ್ಟಿ ಮುಟ್ಟಿ ಅದರ ಚುಕ್ಕಿಗಳು ಸವೆದೇ ಹೋಗಿದ್ದವು. "ಮೇಟ್ರನ್ನಮ್ಮ ದೀಪ ಆರಿಸಿ ಹೋಗೋರು, ಪಾಪ. ನಮಗೆ ದೀಪ ಯಾಕೆ ಚಿನ್ನ? ಕಂಬಳಿಯೊಳಗೇ ಓದ್ತಿದ್ವಿ" ಎಂದು ಅವರು ನಗುತ್ತಾರೆ. ಕಥೆಗಳು ಬಾಯಿಪಾಠವಾದವು. ಆತನ ಉಳಿದ ಬರಹವನ್ನೂ ಒಂದು ದಿನ ಮುಟ್ಟಬೇಕೆಂಬ ಆಸೆ ಅಲ್ಲೇ ಹುಟ್ಟಿತು.

ಆ ಬಾಯಿಪಾಠವೇ ಮುಳುವಾದದ್ದು ಕಳೆದ ವಸಂತದಲ್ಲಿ. ಕಥೆಗಳ ಸಂಪುಟ ಅಚ್ಚಾಗಿ ಹೊರಬಿದ್ದ ಮೇಲೆ ಓದುಗರೊಬ್ಬರು ಫೋನ್ ಮಾಡಿದರು. ಜೀವಂತ ಹೂತುಹೋದವನ ಕಥೆಯಲ್ಲಿ ಇಡೀ ಸಾಲೊಂದು ಇಲ್ಲ. ಸ್ಟ್ಯಾಶ್ ನಂಬಲಿಲ್ಲ. ಆ ಸಾಲನ್ನು ಆರ್ಡೆಲ್ ಓದಿದ್ದನ್ನು ತಾವೇ ಕಿವಿಯಾರೆ ಕೇಳಿದ್ದರು. ಆರ್ಡೆಲ್ ಓದಿದ್ದು ನಿಜ. ಹಾಳೆಯಲ್ಲಿ ಇರಲಿಲ್ಲ, ಅಷ್ಟೇ.

ತಪ್ಪನ್ನು ಚುಕ್ಕಿ ಒತ್ತುವ ಯಂತ್ರದ ತಲೆಗೆ ಕಟ್ಟಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆರ್ಡೆಲ್ ನೇರ ಮೇಲ್ವಿಚಾರಕಿ ಡೋರೀನ್ ಕೆಸ್ಲರ್ ಎದುರು ಹೋಗಿ ನಿಂತರು. ಸಕ್ಕರೆ ಕಾಯಿಲೆ ಬಲಗೈ ತೋರುಬೆರಳಿನ ಸ್ಪರ್ಶವನ್ನು ತಿಂದುಹಾಕಿದೆ, ಚಳಿಗಾಲದಿಂದಲೂ ಬೆರಳು ಬಿಟ್ಟದ್ದನ್ನು ನೆನಪು ತುಂಬುತ್ತಿತ್ತು ಎಂದು ಹೇಳಿಬಿಟ್ಟರು. "ಕೆಲಸ ಹೋಗ್ತದೆ ಅನ್ನೋ ಭಯಕ್ಕೆ ಬಾಯಿ ಮುಚ್ಕೊಂಡಿದ್ದೆ. ಆದ್ರೆ ನನ್ನಂಥೋಳೇ ಒಬ್ಳು ಆ ಪುಟ ಮುಟ್ಟಿ, ಕಥೆ ಇಷ್ಟೇ ಅಂದ್ಕೊಂಡ್ರೆ? ಅದು ಮೋಸ" ಎನ್ನುವಾಗ ಅವರ ದನಿ ಈಗಲೂ ಸಣ್ಣಗಾಗುತ್ತದೆ.

ಡೋರೀನ್ ಮನೆಗೆ ಕಳಿಸುವ ಮಾತಾಡಿದರು. ತಪ್ಪಿಲ್ಲ, ಅದು ಅವರ ಕರ್ತವ್ಯ. ಆರ್ಡೆಲ್ ಕೇಳಿಕೊಂಡದ್ದು ಒಂದೇ: ಕೊನೆಯ ಸಂಪುಟ, ಲೇಖಕನ ಪತ್ರಗಳದ್ದು, ತನಗೆ ಕೊಡಬೇಕು. ಎಡಗೈ ಬೆರಳಿಗೆ ಇನ್ನೂ ಜೀವವಿದೆ. ಜನ್ಮದಲ್ಲಿ ಕೇಳದ ಪತ್ರಗಳವು, ನೆನಪಿನಿಂದ ಕದಿಯಲು ಅಲ್ಲಿ ಏನೂ ಇಲ್ಲ. ಡೋರೀನ್ ಬೇಕೆಂದೇ ತಪ್ಪು ತುಂಬಿದ ಹಾಳೆಯೊಂದನ್ನು ಮುಂದಿಟ್ಟರು. ಆರ್ಡೆಲ್ ತಪ್ಪುಗಳಷ್ಟನ್ನೂ ಹೆಕ್ಕಿ ಕೊಟ್ಟರು, ಹೊತ್ತು ಮಾತ್ರ ಊಟದ ಬಿಡುವಿನವರೆಗೂ ಹಿಡಿಯಿತು.

ಪತ್ರಗಳ ಸಂಪುಟ ಅವರಿಗೇ ಸಿಕ್ಕಿತು, ಆದರೆ ಈಗ ಓದು ಆಮೆಯ ನಡಿಗೆ. ಒಂದೊಂದು ಸಾಲಿಗೂ ಬೆರಳು ಹಿಂದಕ್ಕೆ ಹೋಗಿ ಬರುತ್ತದೆ. ಸ್ಟ್ಯಾಶ್ ಈಗ ಕಿಚಾಯಿಸುವುದಿಲ್ಲ, ಕಾಯುತ್ತಾರೆ. "ಲೋಕಾನೆಲ್ಲ ಹೆದರಿಸಿದೋನು, ಇಲ್ಲಿ ತಾನೇ ಹೆದರ್ಕೊಂಡು ಬರೀತಾನೆ" ಎಂದು ಆರ್ಡೆಲ್ ಹಾಳೆ ಸವರುತ್ತಾರೆ.

ವೈದ್ಯರು ಎಡಗೈಗೂ ಭರವಸೆ ಕೊಟ್ಟಿಲ್ಲ. ಅದನ್ನು ಕೇಳಿದರೆ ಆರ್ಡೆಲ್ ಭುಜ ಕುಣಿಸುತ್ತಾರೆ.

"ಕೊನೇ ಪತ್ರದ ತನಕ ಈ ಒಂದು ಬೆರಳು ನಿಂತ್ರೆ ಸಾಕು. ಆಮೇಲೆ ಯಾರಾದ್ರೂ ಓದ್ಲಿ, ನಾನು ಕೂತ್ಕೊಂಡು ಕೇಳ್ತೀನಿ."