ತಂಗಿ ಬರೆಯದೆ ಬಿಟ್ಟ ಗೆರೆ

ಹಾಳೆಗಳ ಅಂಚಿಗೆ ಉದ್ದಿನ ಹಿಟ್ಟು ಒಣಗಿ ಅಂಟಿಕೊಂಡಿದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಈ ನೋಟ್‌ಬುಕ್ಕನ್ನು ಕಳೆದ ತಿಂಗಳು ತಂಗಿಯ ಮಗಳು ಸಂಭಾಜಿನಗರದಿಂದ ತಂದಳು.

"ಮಾಮ, ಅಮ್ಮನ ಟ್ರಂಕಿನಲ್ಲಿತ್ತು. ಅಕ್ಷರ ಕನ್ನಡದ್ದೇ, ಓದಿದ್ರೆ ಒಂದೂ ತಲೆಗೆ ಹೋಗುದಿಲ್ಲ. ಕಾಯ್ ಭಾಷಾ ಆಹೇ ಹೀ?"

ಸ್ಪೇನಿನವರ ಭಾಷೆ ಎಂದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಮಾಮನಿಗೆ ಇದು ಹೇಗೆ ಗೊತ್ತು ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮರಾಠಿ ಸೀಮೆಯ ದೇವಳಾಲಿ ಕ್ಯಾಂಪಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಪ್ಪ ತೀರಿಹೋದ ಮೇಲೆ ನಾನೇ ನಡೆಸುತ್ತಿದ್ದೆ. ಇಡ್ಲಿಯ ಅಕ್ಕಿಯನ್ನು ದೊಡ್ಡ ಕಲ್ಲಿನಲ್ಲಿ ರುಬ್ಬಲು ಊರಿನ ಕಡೆಯವರೊಬ್ಬರಿದ್ದರು. ವಡೆಯ ಉದ್ದು ತಂಗಿಯ ಪಾಲು. ಒಮ್ಮೆ ಕುದಿಯುವ ಸಾಂಬಾರು ಅವಳ ಕೈ ಮೇಲೆ ಚೆಲ್ಲಿತು. ಪಟ್ಟಿ ಕಟ್ಟಿಸಲು ಸ್ಪೇನಿನ ಸನ್ಯಾಸಿನಿಯೊಬ್ಬರ ದವಾಖಾನೆಗೆ ಹೋಗತೊಡಗಿದಳು. ಗಾಯ ಮಾಯಿತು, ಹೋಗುವುದು ನಿಲ್ಲಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಹೋಗಿ ಬೇರೆಯವರ ಗಾಯ ತೊಳೆಯುತ್ತಿದ್ದಳು, ಆ ಸನ್ಯಾಸಿನಿಯ ಭಾಷೆ ಕಲಿಯುತ್ತಿದ್ದಳು.

ನೋಟ್‌ಬುಕ್ಕನ್ನು ಗೋಡೆಗೆ ಒರಗಿಸಿಟ್ಟು, ಒಂದು ಕೈಯಲ್ಲಿ ಗುಂಡು ತಿರುಗಿಸುತ್ತಾ ಇನ್ನೊಂದರಲ್ಲಿ ಹಿಟ್ಟು ತಳ್ಳುತ್ತಾ ಹೇಳಿಕೊಳ್ಳುತ್ತಿದ್ದಳು. ಪಾದ್ರೆ ಅಪ್ಪ, ಮಾದ್ರೆ ಅಮ್ಮ, ಎರ್ಮಾನೋ ಅಣ್ಣ... ಕೇಳಿ ಕೇಳಿ ನನಗೂ ಬಾಯಿಗೆ ಬಂತು.

"ಅವರಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಶಬ್ದ, ಗೊತ್ತುಂಟಾ? ಅಲ್ಲಿಗೆ ಹೋದ ಮೇಲೆ ನೀನು ನನಗೆ ಜೋರು ಮಾಡುವ ಹಾಗಿಲ್ಲ" ಎಂದು ನಗುತ್ತಿದ್ದಳು. ಕೋಮೋ ಅಂದರೆ ತಿನ್ನುತ್ತೇನೆ, ಕೋಮೆ ಅಂದರೆ ತಿನ್ನುತ್ತಾನೆ. ಯಾರು ಎಂಬುದು ನಮ್ಮ ಮಾತಿನ ಹಾಗೆ ಬಾಲದಲ್ಲೇ ಇರುತ್ತದೆ ಎಂದು ತೋರಿಸಿದ್ದಳು. ಕೆಲಸಗಳ ಪುಟದಲ್ಲಿ ಮನೆಯವರೆಲ್ಲರಿಗೂ ಒಂದೊಂದು ಗೆರೆ ಇತ್ತು. ನನ್ನ ಗೆರೆಯಲ್ಲಿ ಕೊಥಿನೇರೋ, ಅಡುಗೆಯವನು ಎಂದು ಬರೆದಿದ್ದಳು.

"ನಾನೆಂತ ಅಡುಗೆಯವನಾ? ಮಾಲೀಕ!" ಎಂದು ರೇಗಿದೆ. ಮರುದಿನವೇ ಕೇಳಿಕೊಂಡು ಬಂದು, ಅದನ್ನು ಹೊಡೆದುಹಾಕಿ ದುಎನ್ಯೋ ಎಂದು ತಿದ್ದಿದಳು. ತನ್ನ ಗೆರೆಯಲ್ಲಿ ಮಾತ್ರ 'ಯೋ ಸೋಯ್' ಎಂದಷ್ಟೇ ಬರೆದಿದ್ದಳು. ಅಂದರೆ, ನಾನು... ಮುಂದಿನದು ಖಾಲಿ.

"ಅದು ಎನ್ಫೆರ್ಮೇರಾ ಆದ ಮೇಲೆ" ಎಂದಳು. ಎನ್ಫೆರ್ಮೇರಾ ಅಂದರೆ ನರ್ಸು.

ಅದು ಬರೀ ಕನಸಾಗಿರಲಿಲ್ಲ. ಸ್ಪೇನಿನಿಂದ ಹಿರಿಯ ಸನ್ಯಾಸಿನಿಯೊಬ್ಬರು ಔರಂಗಾಬಾದಿಗೆ ಬರುವವರಿದ್ದರು. ಒಂದೇ ದಿನ ಇದ್ದು, ನರ್ಸಿಂಗ್ ಕಲಿಯಲು ಕರೆದೊಯ್ಯುವುದಕ್ಕೆ ಇಬ್ಬರು ಹುಡುಗಿಯರನ್ನು ಆರಿಸುವವರಿದ್ದರು. "ಅಣ್ಣ ಜೊತೆಗೆ ಹೋಗುವುದಾದರೆ ಹೋಗು" ಎಂದು ಅಮ್ಮ ಒಪ್ಪಿದರು. ನಾನೂ ಹೂಂ ಎಂದೆ.

ಹೊರಡುವ ಹಿಂದಿನ ದಿನ ನಾನೇ ರುಬ್ಬುವವರನ್ನು ಕರೆದೆ. ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿಕೊಂಡು ಬನ್ನಿ ಎಂದೆ. ಅವರು ಕಣ್ಣು ತುಂಬಿಕೊಂಡು ಅವತ್ತೇ ಹೊರಟರು. ಎಂದಿನಂತೆ ಅಕ್ಕಿ ನೆನೆಹಾಕಿಸಿದೆ.

ಬೆಳಗ್ಗೆ ತಂಗಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಚೀಲ ಹಿಡಿದು ಬಂದಳು. "ರುಬ್ಬುವವರು ಊರಿಗೆ ಹೋದರು. ಕೊಪ್ಪರಿಗೆ ತುಂಬ ಅಕ್ಕಿ ನೆನೆದಿದೆ, ನಾನು ಹೇಗೆ ಬರುವುದು ಮಾರಾಯ್ತಿ?" ಎಂದೆ. ಅವಳು ಅಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ದೊಡ್ಡ ಕಲ್ಲಿನ ಮುಂದೆ ಕುಳಿತಳು. ಅವತ್ತು ನೋಟ್‌ಬುಕ್ ಗೋಡೆಗೆ ಒರಗಲಿಲ್ಲ.

ಅವಳನ್ನು ಬಿಟ್ಟಿರಲಾರೆ, ಅದಕ್ಕೆ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನನ್ನ ಹಿಂದೆ ಹಿಂದೆ ಬರುತ್ತಿದ್ದವಳು ನನಗಿಂತ ಮುಂದೆ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ.

ಎರಡು ವಾರದ ಮೇಲೆ ರುಬ್ಬುವವರು ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದರು. ನನ್ನೆದುರಿಗೇ ತಂಗಿಯ ಕೈಗೆ ಕೊಟ್ಟು, "ನಾನು ರಜೆ ಕೇಳಿರ್ಲೂ ಇಲ್ಲ ಮಗಾ. ಧಣಿಗಳೇ ಕರೆದು ಹೋಗಿ ಬನ್ನಿ ಅಂದ್ರು. ದೇವರಂಥ ಅಣ್ಣ ನಿಂದು" ಎಂದರು. ತಂಗಿ ನನ್ನ ಕಡೆ ತಿರುಗಿ ನೋಡಿದಳು. ಒಳಗೆ ಹೋಗಿ ಎರಡು ಹಪ್ಪಳ ಸುಟ್ಟು ತಂದು, ಮೊದಲನೆಯದನ್ನು ನನ್ನ ತಟ್ಟೆಗೇ ಹಾಕಿದಳು.

ಆಮೇಲೆ ಅವಳನ್ನು ಔರಂಗಾಬಾದಿಗೇ, ಈಗ ಸಂಭಾಜಿನಗರ ಎನ್ನುವ ಊರಿಗೇ, ಮದುವೆ ಮಾಡಿಕೊಟ್ಟೆವು. ನಾನು ಅವಳನ್ನು ತಲುಪಿಸದ ಊರಿನಲ್ಲೇ ಅವಳು ಬಾಳಿದಳು. ಪ್ರತಿ ವರ್ಷ ದೀಪಾವಳಿಗೆ ಭಾವುಬೀಜದ ದಿನ, ಇಲ್ಲಿನವರ ಪದ್ಧತಿಯಂತೆ, ನನ್ನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದಳು. ಪ್ರತಿ ವರ್ಷವೂ ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ. ಆರತಿ ತಟ್ಟೆ ಹಿಡಿದ ಕೈಯಲ್ಲಿ ಸಾಂಬಾರು ಸುಟ್ಟ ಕಲೆ ಕಾಣುತ್ತಿತ್ತು. ಸಿಹಿ ತಿಂದು ಬಸ್ಸು ಹತ್ತುತ್ತಿದ್ದೆ... ಕಳೆದ ದೀಪಾವಳಿಗೆ ಅವಳಿರಲಿಲ್ಲ.

ತಂಗಿಯ ಮಗಳು ಪುಟ ತಿರುವುತ್ತಾ ಆ 'ಯೋ ಸೋಯ್' ಗೆರೆಯ ಮೇಲೆ ಬೆರಳಿಟ್ಟಳು. "ಇದೊಂದನ್ನು ಯಾಕೆ ಬಿಟ್ಟಿದ್ದಾಳೆ, ಮಾಮ?"

ಅವಳ ತಾಯಿಗೆ ಹೇಳಬೇಕಾಗಿದ್ದುದನ್ನು ಅವಳಿಗೆ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಬೆರಳನ್ನು 'ದುಎನ್ಯೋ' ಎಂದು ಬರೆದಲ್ಲಿಗೆ ಸರಿಸಿ, "ಅಮ್ಮ ನಿಮ್ಮ ಗೆರೆಯನ್ನು ಎಷ್ಟು ಚಂದ ತಿದ್ದಿದ್ದಾಳೆ ನೋಡಿ" ಎಂದಳಷ್ಟೆ.