ಹೆಣ್ಣು ನೋಡಲು ಬಂದ ದಿನದ ಕಜ್ಜಿ

ಸಿಂಧನೂರಿನಲ್ಲಿ ನರ್ಸಿಂಗ್ ಓದುವಾಗ ಸೋಂಕಿನ ಪಾಠದಲ್ಲಿ ತರಗತಿಗೆ ನಾನೇ ಮೊದಲಿಗಳು. ರೋಗಾಣು ಎಲ್ಲಿ ಅಡಗಿರುತ್ತದೆ, ಯಾವ ದಾರಿಯಲ್ಲಿ ಹೊರಬೀಳುತ್ತದೆ, ಯಾರ ಮೈ ಸೇರುತ್ತದೆ, ಆ ಸರಪಳಿಯನ್ನು ಎಲ್ಲಿ ತುಂಡು ಮಾಡಬೇಕು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಒದರುತ್ತಿದ್ದೆ. ಇದನ್ನೆಲ್ಲ ಬಾಯಿಪಾಠ ಮಾಡಿದ್ದು ಚಳಿಗಾಲದಲ್ಲಿ, ಹಾಸ್ಟೆಲಿನ ಗೆಳತಿಯ ಜೊತೆ ಒಂದೇ ರಗ್ಗಿನೊಳಗೆ ಕುಳಿತು. ಅವಳು ಪುಟ ತಿರುವುತ್ತ ಪರಪರ ಕೆರೆದುಕೊಳ್ಳುತ್ತಿದ್ದಳು. ಚಳಿಗೆ ಚರ್ಮ ಒಣಗಿದೆ ಎಂದು ನಾನೇ ರೋಗ ಕಂಡುಹಿಡಿದೆ, ನಾನೇ ಕೊಬ್ಬರಿ ಎಣ್ಣೆ ತಿಕ್ಕಿದೆ. ಚರ್ಮಕ್ಕೆ ಚರ್ಮ ತಾಗಿದರೆ ಕಜ್ಜಿ ಹರಡುತ್ತದೆ ಎಂಬ ಸಾಲಿನ ಕೆಳಗೆ ಗೆರೆ ಎಳೆದದ್ದೂ ಅದೇ ಎಣ್ಣೆಗೈಯಿಂದ.

ಕೆಲವು ವಾರ ಕಳೆದ ಮೇಲೆ ಪಾಮನಕಲ್ಲೂರಿನ ಮನೆಯಿಂದ ಕರೆ ಬಂತು. ಲಿಂಗಸುಗೂರಿನಿಂದ ನನ್ನನ್ನು ನೋಡಲು ಬರುತ್ತಾರೆ, ಹುಡುಗ ಹೈಸ್ಕೂಲ್ ಮಾಸ್ತರ. ಅವರ ಫೋಟೊ ನನ್ನ ಫೋನಿನಲ್ಲಿತ್ತು. ಅದನ್ನು ಎಷ್ಟು ಸಲ ತೆಗೆದು ನೋಡಿದ್ದೆ ಎಂದು ಹೇಳಿದರೆ ನನ್ನ ಮಾನ ಹೋಗುತ್ತದೆ. ಬೇಕಾಗಿತ್ತು ಆ ಸಂಬಂಧ ನನಗೆ.

ಆ ದಿನ ಅಂಗಳದಲ್ಲಿ ಅವ್ವ ಹಸಿರು ಬಳೆ ಏರಿಸುತ್ತಿದ್ದಳು. ಬಿಸಿಲಿಗೆ ನನ್ನ ಬೆರಳ ಸಂದಿಯ ಗುಳ್ಳೆ, ಮಣಿಕಟ್ಟಿನ ಸಣ್ಣ ಗೆರೆ ಎಲ್ಲ ಸ್ಪಷ್ಟವಾಗಿ ಕಂಡವು. ಅಷ್ಟು ದಿನ ಬೆವರುಸಾಲೆ ಎಂದುಕೊಂಡು ಕೆರೆದಿದ್ದೆ. ಚಳಿಗಾಲದಲ್ಲಿ ಬೆವರುಸಾಲೆ! ಇದು ಕಜ್ಜಿ ಎಂದು ಅವ್ವನಿಗೆ ಪಿಸುಗುಟ್ಟಿದೆ. ಬಾಯಿ ಮುಚ್ಚಿಕೊಂಡು ಕೈಯನ್ನು ಸೆರಗಿನೊಳಗೆ ಇಟ್ಟುಕೋ ಎಂದಳು.

ಮಂಡಕ್ಕಿ ಒಗ್ಗರಣಿ, ಮಿರ್ಚಿಯ ತಟ್ಟೆಗಳನ್ನು ಸೆರಗಿನ ತುದಿಯಿಂದ ಹಿಡಿದು ಕೊಟ್ಟೆ. ಹುಡುಗಿ ಬಹಳ ನಾಚಿಕೆಯವಳು ಎಂದು ಹುಡುಗನ ತಾಯಿ ಮೆಚ್ಚಿಕೊಂಡರು. ಅಷ್ಟರಲ್ಲಿ ಹುಡುಗನ ಅಕ್ಕ ತನ್ನ ಅಂಬೆಗಾಲಿಡುವ ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಲು ಬಂದರು. ಎಲ್ಲರೂ ನಗುತ್ತ ನೋಡುತ್ತಿದ್ದರು. ಕೂಸು ನನ್ನ ಬಳೆಗೆ ಕೈ ಚಾಚಿತು. ನಾನು ಹಿಂದೆ ಸರಿದೆ.

"ಕೂಸಿನ್ನ ಕೊಡಬ್ಯಾಡ್ರಿ. ನನಗ ಕಜ್ಜಿ ಆಗ್ಯಾವ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೆದರಿದರೆ ನನಗೆ ಮಾತು ಜಾಸ್ತಿ. ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ, ರಾತ್ರಿ ತುರಿಕೆ ಹೆಚ್ಚು ಎಂದು ಒಗ್ಗರಣಿ ತಿನ್ನುವವರ ಮುಂದೆ ಪೂರಾ ಪಾಠ ಮಾಡಿದೆ. ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಬಂದವರೆಲ್ಲ ಚಹಾ ಕುಡಿಯದೆ ಎದ್ದು ಹೋದರು.

ಓದಿಸಿದ್ದೇ ತಪ್ಪಾಯಿತು ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು. ಮಸ್ಕಿಯ ಡಾಕ್ಟರಿಗೆ ತೋರಿಸಿ, ಮುಲಾಮು ತಂದು, ಕುತ್ತಿಗೆಯಿಂದ ಅಂಗಾಲಿನವರೆಗೆ ಬಳಿದುಕೊಂಡೆ, ಮನೆಯವರಿಗೂ ಬಳಿದೆ. ಅವ್ವ ಬೈಯುತ್ತಲೇ ಬೆನ್ನು ಕೊಟ್ಟಳು.

ಆ ವಾರವೇ ಅಪ್ಪನ ಫೋನಿಗೆ, ಕೂಸಿನೊಂದಿಗೆ ತವರಿನಲ್ಲೇ ಇದ್ದ ಹುಡುಗನ ಅಕ್ಕ ಕರೆ ಮಾಡಿ ನನ್ನನ್ನು ಕೇಳಿದರು. ಅವರ ಕೂಸು ತಿಂಗಳಿಂದ ರಾತ್ರಿಯೆಲ್ಲ ಅಳುತ್ತಿತ್ತಂತೆ. ಉಷ್ಣ ಎಂದುಕೊಂಡಿದ್ದರಂತೆ. ನನ್ನ ಪಾಠ ಕೇಳಿ ಹೋಗಿ ಅಂಗೈ ಬಿಡಿಸಿ ನೋಡಿದರೆ ಅವೇ ಗುಳ್ಳೆ. ಕೂಸನ್ನು ಮೊದಲು ಡಾಕ್ಟರಿಗೆ ತೋರಿಸಿ, ತುರಿಕೆ ಇರಲಿ ಬಿಡಲಿ ಮನೆಮಂದಿಯೆಲ್ಲ ಒಂದೇ ರಾತ್ರಿ ಮುಲಾಮು ಹಚ್ಚಿಕೊಳ್ಳಿ, ಬಟ್ಟೆ ಹಾಸಿಗೆ ಬಿಸಿನೀರಿಗೆ ಹಾಕಿ ಎಂದೆ. ತಮ್ಮನಿಗೂ ಹಚ್ಚಬೇಕೇ ಎಂದು ಕೇಳಿದರು. ಅವರಿಗೂ ಎಂದೆ. ಹಾಗಾದರೆ ನೀನೇ ಹೇಳವ್ವ ಎಂದು ಫೋನನ್ನು ತಮ್ಮನ ಕೈಗೇ ಕೊಟ್ಟುಬಿಟ್ಟರು.

ಆ ಹುಡುಗನ ಜೊತೆ ನಾನು ಮೊದಲ ಸಲ ಮಾತಾಡಿದ್ದು ಬೆರಳ ಸಂದಿ, ಕಂಕುಳು, ಹೊಕ್ಕಳದ ಬಗ್ಗೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಹೊಕ್ಕಳದಿಂದ ಕೆಳಗೆ ಇಳಿಯಲು ನನ್ನ ವಿದ್ಯೆಗೆ ಧೈರ್ಯ ಸಾಲದೆ, ಎಲ್ಲಾ ಕಡೆ ಹಚ್ಚಿಕೊಳ್ಳಿ ಎಂದು ಮುಗಿಸಿದೆ. ಅಪ್ಪ ಎಮ್ಮೆಗೆ ನೀರು ತೋರಿಸುವ ನೆವದಲ್ಲಿ ಹೊರಗೆ ಹೋದ.

ಈಗ ಸಂಬಂಧ ಬೇಡ ಎನ್ನುತ್ತಾರೆ ಎಂದುಕೊಂಡೆ.

"ನಿಮಗ ಕಡಿಮಿ ಆತೇನ್ರಿ?" ಅಂದರು.

ಅಷ್ಟು ದಿನ ನಮ್ಮ ಮನೆಯಲ್ಲಿ ತಪ್ಪಿಹೋದ ಸಂಬಂಧದ ಮಾತೇ ಮಾತು. ನನ್ನನ್ನು ಇದೊಂದನ್ನು ಯಾರೂ ಕೇಳಿರಲಿಲ್ಲ. ಕಡಿಮಿ ಆಗಾಕತ್ತೈತ್ರಿ ಎಂದವಳೇ, ಫೋನ್ ಇಡಲೂ ತೋಚದೆ ಅತ್ತುಬಿಟ್ಟೆ.